ಚಳಿ ಕಳೆಯುವಾಗ ಒಂದು ಪತ್ರ

ಜೇನ್ ಆಸ್ಟೆನ್ ಜನವರಿ, ಫೆಬ್ರುವರಿ ಎರಡನ್ನೂ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಯ 27ನೇ ಅಧ್ಯಾಯದ ಶುರುವಿನಲ್ಲೇ ಅದು ಬರುತ್ತದೆ. ಒಂದಿಷ್ಟು ನಡಿಗೆ, ಒಮ್ಮೆ ಕೆಸರು, ಒಮ್ಮೆ ಚಳಿ, ಅಷ್ಟರಲ್ಲಿ ಎರಡು ತಿಂಗಳು ಕಳೆದೇ ಹೋಯಿತು. ಮಾರ್ಚ್ ಬಂದರೆ ಕಥಾನಾಯಕಿ ಎಲಿಜಬೆತ್ ಗೆಳತಿಯ ಮನೆಗೆ ಹೊರಡಬೇಕು. ಫೆಬ್ರುವರಿ ಕೊನೆಯ ಭಾನುವಾರ ಬೆಳಿಗ್ಗೆ ನಾನು ಕಿಟಕಿ ಪಕ್ಕ ಕೂತು ಓದುತ್ತಿದ್ದದ್ದು ಇದನ್ನೇ. ಪುಸ್ತಕದ ತಿಂಗಳೂ ನನ್ನ ತಿಂಗಳೂ ಹೀಗೆ ಕೂಡಿಬಂದಾಗ ಎಷ್ಟು ಖುಷಿ ಅಲ್ವಾ!

ಹೊದಿಕೆ ಬೇಕು ಅನ್ನಿಸುತ್ತಿತ್ತು, ಹೊದ್ದುಕೊಂಡರೆ ಸ್ವಲ್ಪ ಹೊತ್ತಿಗೇ ಸೆಕೆ. ಡಿಸೆಂಬರ್‌ನಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುತ್ತಾನೆ, ಹಾಗಾಗಿ ಬಿಸಿಲು ಕೋಣೆಯ ಒಳಗೆಲ್ಲ ಚಾಚಿಕೊಳ್ಳುತ್ತದೆ. ಆಗ ನನ್ನ ಕುರ್ಚಿ ಕಪಾಟಿನ ಹತ್ತಿರವೇ ಇತ್ತು. ಸೂರ್ಯ ಮೇಲೇರಿದ ಹಾಗೆ ಬಿಸಿಲಿನ ಪಟ್ಟಿ ಕಿಟಕಿ ಕಡೆ ಸರಿಯಿತು, ಅದರ ಹಿಂದೆ ನನ್ನ ಕುರ್ಚಿಯೂ ಸರಿಯಿತು. ಆ ಭಾನುವಾರ ಮೊಣಕಾಲು ಕಿಟಕಿಯ ಗೋಡೆಗೆ ತಾಗುತ್ತಿತ್ತು. ಹಳೆಯ ಪ್ರತಿ, ಹಾಳೆ ಹಳದಿಯಾಗಿದೆ. ಬಿಸಿಲು ಬಿದ್ದರೆ ಆ ಹಾಳೆಯಲ್ಲಿ ಹಿಂದಿನ ಪುಟದ ಅಕ್ಷರವೂ ಮಸುಕಾಗಿ ಕಾಣುತ್ತದೆ.

ಮಧ್ಯಾಹ್ನದ ಹೊತ್ತಿಗೆ ಪತ್ರದ ಅಧ್ಯಾಯಕ್ಕೆ ಬಂದೆ. ಹಿಂದಿನ ದಿನ ಡಾರ್ಸಿ ಮದುವೆ ಆಗ್ತೀಯಾ ಅಂತ ಕೇಳಿರುತ್ತಾನೆ, ಎಲಿಜಬೆತ್ ಖಡಾಖಂಡಿತ ಬೇಡ ಅಂದಿರುತ್ತಾಳೆ. ಮರುದಿನ ಬೆಳಿಗ್ಗೆ ಅವಳು ನಡೆಯಲು ಹೋದಾಗ ಅವನು ಬಂದು ಒಂದು ಪತ್ರ ಕೊಟ್ಟು ಹೋಗುತ್ತಾನೆ. ಎರಡು ದೊಡ್ಡ ಹಾಳೆ ತುಂಬ ಒತ್ತೊತ್ತಾಗಿ ಬರೆದದ್ದು, ಲಕೋಟೆಯ ಮೇಲೂ ಜಾಗ ಬಿಟ್ಟಿಲ್ಲ. ಸುತ್ತಲೂ ಮರಗಳು ದಿನದಿನಕ್ಕೆ ಚಿಗುರುತ್ತಿವೆ ಅನ್ನುವುದನ್ನೂ ಆಸ್ಟೆನ್ ಅಲ್ಲೇ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ನನಗೆ ಪತ್ರಕ್ಕಿಂತಲೂ ಅದರ ಮುಂದಿನ ಅಧ್ಯಾಯ ಇಷ್ಟ. ಅಲ್ಲಿ ಹೊರಗೆ ಏನೂ ನಡೆಯುವುದಿಲ್ಲ. ಒಬ್ಬ ಹುಡುಗಿ ಒಂದು ಪತ್ರವನ್ನು ಓದುತ್ತಾಳೆ, ಅಷ್ಟೇ. ಸುಳ್ಳು ಅಂತ ಸಿಟ್ಟಿನಿಂದ ಮಡಚಿಡುತ್ತಾಳೆ, ಅರ್ಧ ನಿಮಿಷಕ್ಕೆ ಮತ್ತೆ ಬಿಚ್ಚುತ್ತಾಳೆ. ಒಂದೊಂದೇ ಸಾಲನ್ನು ತೂಗಿ ನೋಡುತ್ತಾಳೆ. ಡಾರ್ಸಿಯಿಂದ ತನಗೆ ಅನ್ಯಾಯವಾಯಿತು ಅಂತ ಅವಳಿಗೆ ಹೇಳಿದ್ದ ವಿಕಮ್ ಮೊದಲ ಪರಿಚಯದಲ್ಲೇ ತನ್ನ ಕಷ್ಟವನ್ನೆಲ್ಲ ಯಾಕೆ ತೋಡಿಕೊಂಡ ಅಂತ ಈಗ ಯೋಚನೆ ಬರುತ್ತದೆ. ಆ ದಾರಿಯಲ್ಲೇ ಎರಡು ಗಂಟೆ ಅಲೆದ ಮೇಲೆ ಮನೆ ಸೇರುತ್ತಾಳೆ. ಓದುವುದು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿದ ಪುಟಗಳನ್ನು ನಾನು ಕಂಡಿಲ್ಲ. ನಾನೂ ಅವಳ ಜೊತೆ ಪುಟ ಹಿಂದೆ ತಿರುಗಿಸಿ, ವಿಕಮ್ ಮಾತಾಡಿದ್ದ ಜಾಗಕ್ಕೆ ಹೋಗಿ ಮತ್ತೆ ಓದಿದೆ.

ಸಂಜೆಗೆ ಟಿವಿ. ತಂಗಿಯೂ ನಾನೂ 1995ರ ಬಿಬಿಸಿ ಸರಣಿ ನೋಡುತ್ತಿದ್ದೆವು, ಒಟ್ಟು ಆರು ಕಂತು. ಮೂರನೆಯದು ಆ ಮದುವೆಯ ಮಾತಿನ ಜಗಳಕ್ಕೆ ಮುಗಿದಿತ್ತು. ಆದರೆ ಟಿವಿ ಹಾಕಿದರೆ ಪರದೆಯಲ್ಲಿ ಕಂಡದ್ದು ನಮ್ಮದೇ ಕಿಟಕಿ! ಚಳಿಗಾಲದಲ್ಲಿ ಇದೇ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಭೂಮಿಯ ಉತ್ತರಾರ್ಧದಲ್ಲಿ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ ಬಂದರೂ, ಸಂಜೆಗಳು ಅದಕ್ಕೂ ಮೊದಲೇ ಬೆಳೆಯಲು ಶುರುವಾಗಿರುತ್ತವೆ. ಬೆಳಗು ಮಾತ್ರ ಜನವರಿಯಲ್ಲೂ ತಡವಾಗಿಯೇ ಆಗುತ್ತದೆ. ಮಾರ್ಚ್ 20ರ ಹೊತ್ತಿಗೆ ಹಗಲು ರಾತ್ರಿ ಸಮ. ಹಗಲು ಅತಿ ಬೇಗ ಬೇಗ ಬೆಳೆಯುವುದೂ ಆಗಲೇ. ಕಿಟಕಿಯ ಪರದೆ ಎಳೆದು ಕೂತೆವು.

“ಅಷ್ಟುದ್ದ ಪತ್ರವನ್ನು ಟಿವಿಯಲ್ಲಿ ಹೇಗೆ ತೋರಿಸ್ತಾರೆ?” ಅಂತ ತಂಗಿ ಕೇಳಿದಳು. ಅವಳು ಪುಸ್ತಕ ಓದಿಲ್ಲ. ನಾಲ್ಕನೇ ಕಂತು ಅದಕ್ಕೆ ಉತ್ತರ ಕೊಟ್ಟಿತು. ಡಾರ್ಸಿ ರಾತ್ರಿ ಮೇಜಿನ ಮುಂದೆ ಕೂತು ಬರೆಯುತ್ತಾನೆ, ದನಿ ಅವನದು, ಅವನೂ ವಿಕಮ್ಮೂ ಬೆಳೆದ ಕಥೆ ಚಿತ್ರಗಳಾಗಿ ಬರುತ್ತದೆ. “ಪಾಪ, ಇವನು ಒಳ್ಳೆಯವನೇ ಕಣೇ” ಅಂದಳು ತಂಗಿ, ಪತ್ರ ಪೂರ್ತಿ ಆಗುವ ಮೊದಲೇ.

ವ್ಯತ್ಯಾಸ ಇರುವುದೇ ಅಲ್ಲಿ. ಪುಸ್ತಕದಲ್ಲಿ ಅವನು ಬರೆಯುವುದನ್ನು ನಾವು ನೋಡುವುದೇ ಇಲ್ಲ. ಎಲಿಜಬೆತ್ ಕೈಯಲ್ಲಿರುವಷ್ಟೇ ನಮ್ಮ ಕೈಯಲ್ಲೂ ಇರುವುದು, ಬರೀ ಅಕ್ಷರ. ನಂಬಬೇಕೋ ಬೇಡವೋ ಅಂತ ಅವಳ ಹಾಗೇ ನಾವೂ ಒದ್ದಾಡಬೇಕು. ಕಣ್ಣಾರೆ ಕಂಡದ್ದನ್ನು ಮಾತ್ರ ಮನಸ್ಸು ತಕ್ಷಣ ನಂಬಿಬಿಡುತ್ತದೆ. ಹಾಗಂತ ಟಿವಿಯದ್ದು ಕಡಿಮೆ ಅಂತ ನಾನು ಹೇಳುವುದಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟ ಆ ಮುಖ, ಅವಮಾನ ನುಂಗಿಕೊಂಡು ಮುಂದುವರಿಯುವ ಪೆನ್ನು, ಇವು ಪುಸ್ತಕ ಕೊಡದೆ ಉಳಿಸಿಕೊಂಡವು. ಎರಡೂ ಒಂದೇ ದಿನ ಸಿಕ್ಕಿದ್ದರಿಂದ ಎರಡೂ ಇನ್ನಷ್ಟು ರುಚಿಸಿದವು.

ಪತ್ರದ ಭಾಗ ಮುಗಿದದ್ದೇ ರಿಮೋಟ್ ಕಿತ್ತುಕೊಂಡು ನಿಲ್ಲಿಸಿದೆ. ಇದೇ ಕಂತಿನಲ್ಲಿ ಮುಂದೆ ಡಾರ್ಸಿಯ ಮನೆ ಪೆಂಬರ್ಲಿ ಬರುತ್ತದೆ, ಅದನ್ನು ಮೊದಲು ಓದಿಯೇ ನೋಡಬೇಕು ಅಂತ ನನ್ನ ಹಟ. ತಂಗಿ ಗೊಣಗಿದಳು. ಆಮೇಲೆ, “ಹಾಗಾದ್ರೆ ಜೋರಾಗಿ ಓದು, ನಾನೂ ಕೇಳ್ತೀನಿ” ಅಂದಳು. ಕಾದಂಬರಿಯಲ್ಲಿ ಎಲಿಜಬೆತ್ ಪೆಂಬರ್ಲಿಗೆ ಹೋಗುವುದು ಬೇಸಿಗೆಯಲ್ಲಿ, ಜುಲೈ ಬಂದ ಮೇಲೆ. ನಾವು ಅಷ್ಟು ದಿನ ಕಾಯುವವರಲ್ಲ. ದೀಪ ಹಾಕಿ 37ನೇ ಅಧ್ಯಾಯ ಶುರು ಮಾಡಿದೆವು.