ಹಳೇ ಜೀಪಿನ ಬ್ರೇಕ್ ಪೈಪ್: ಸೋರುವ ತುಂಡು ಮಾತ್ರ ಬದಲಿಸಿದರೆ ಸಾಕಲ್ವಾ?

ಹಳೇ ಮಹೀಂದ್ರ ಜೀಪನ್ನು ಶೆಡ್ಡಿನಿಂದ ಹೊರಗೆಳೆದು ರಿಪೇರಿಗೆ ಇಳಿದವರೆಲ್ಲ ಕೇಳುವ ಪ್ರಶ್ನೆ ಇದು: "ಹಿಂದಿನ ಬ್ರೇಕ್ ಪೈಪ್ ಒಂದೇ ಕಡೆ ಸೋರ್ತಿದೆ. ಅಷ್ಟನ್ನೇ ಕತ್ತರಿಸಿ ಜಾಯಿಂಟ್ ಹಾಕಿದ್ರೆ ಸಾಕಲ್ವಾ? ಇಲ್ಲಾಂದ್ರೆ ಫ್ರಿಜ್ ರಿಪೇರಿಯವರ ಹತ್ರ ಸಿಗೋ ತಾಮ್ರದ ಪೈಪ್ ಹಾಕಿಬಿಟ್ರೆ ತುಕ್ಕಿನ ಗೊಡವೆಯೇ ಇರಲ್ವಲ್ಲ?"

ಎರಡೂ ಬೇಡ. ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರದವರೆಗೆ ಪೈಪ್ ಪೂರ್ತಿ ಬದಲಿಸಿ. ಜೊತೆಗೆ ಬಾಗುವ ರಬ್ಬರ್ ಹೋಸ್‌ಗಳನ್ನೂ.

ಕಾರಣ ಸರಳ. ಸಿಜೆ-3ಬಿಯಂಥ ಹಳೇ ಜೀಪುಗಳಲ್ಲಿ ಬ್ರೇಕಿಗೆ ಇರುವುದು ಒಂದೇ ಸರ್ಕ್ಯೂಟ್. ಈಗಿನ ಗಾಡಿಗಳಲ್ಲಿ ಒಂದು ಕಡೆ ಪೈಪ್ ಒಡೆದರೂ ಉಳಿದರ್ಧ ಬ್ರೇಕ್ ಹಿಡಿಯುತ್ತದೆ. ಇಲ್ಲಿ ಎಲ್ಲೇ ಒಂದು ಸೂಜಿಮೊನೆಯಷ್ಟು ತೂತಾದರೂ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಜೋರಾಗಿ ತುಳಿದಾಗ ಪೈಪಿನೊಳಗಿನ ಒತ್ತಡ ಸುಮಾರು 1,000 ಪಿಎಸ್‌ಐ ಮುಟ್ಟಬಹುದು. ಟೈರಿನೊಳಗಿನ ಗಾಳಿ 30ರ ಆಸುಪಾಸು. ಒಂದು ಕಡೆ ತೂತಾಗುವಷ್ಟು ತುಕ್ಕು ಹಿಡಿದ ಪೈಪಿಗೆ ಉಳಿದ ಕಡೆಯೂ ಅಷ್ಟೇ ವಯಸ್ಸು. ಸೋರುತ್ತಿದ್ದ ಜಾಗ ಗಟ್ಟಿಯಾದರೆ ಮುಂದಿನ ಗಟ್ಟಿ ತುಳಿತಕ್ಕೆ ಪಕ್ಕದ ದುರ್ಬಲ ಜಾಗ ಒಡೆಯುತ್ತದೆ.

ಮಲೆನಾಡಿನ ಜೀಪುಗಳಲ್ಲಿ ತುಕ್ಕು ಎಲ್ಲಿ ಕೂತಿರುತ್ತದೆ ಎಂದು ಹೆಚ್ಚು ಹುಡುಕಬೇಕಿಲ್ಲ. ಕ್ಲಿಪ್ ತೆಗೆದು ಅದರ ಹಿಂದೆ ನೋಡಿ. ಚಾಸಿಗೂ ಪೈಪಿಗೂ ನಡುವೆ ಕೆಂಪು ಕೆಸರು ಒಣಗಿ ಇಟ್ಟಿಗೆಯಂತಾಗಿರುತ್ತದೆ. ಮಳೆಗಾಲ ಪೂರ್ತಿ ಅದು ಒದ್ದೆಯಾಗಿಯೇ ಇರುತ್ತದೆ. ಇನ್ನೊಂದು ಜಾಗ, ಹಿಂದಿನ ಆಕ್ಸಲ್ ಹೌಸಿಂಗ್ ಮೇಲೆ ಯು-ಬೋಲ್ಟ್ ಪಕ್ಕದಲ್ಲಿ ಪೈಪ್ ಹಾಯುವಲ್ಲಿ. ಅಡಿಕೆ ತೋಟಕ್ಕೆ ದುಡಿದ ಗಾಡಿಯಾದರೆ ಇದರ ಮೇಲೆ ಇನ್ನೆರಡು ಕಾಟ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುವುದರಿಂದ ಅದು ಉಪ್ಪಿನಷ್ಟೇ ಬೇಗ ಕಬ್ಬಿಣ ತಿನ್ನುತ್ತದೆ. ಕೊಳೆರೋಗದ ಔಷಧಿಗೆಂದು ಒಯ್ಯುವ ಮೈಲುತುತ್ತದ ನೀರು ಚೆಲ್ಲಿದರಂತೂ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರದ ತೆಳು ಪೊರೆ ಕೂರುತ್ತದೆ. ಪೈಪಿನ ಮೇಲೆ ಕೆಂಪಗೆ ಹೊಳೆಯುವ ಕಲೆ ಕಂಡರೆ "ಓ, ತಾಮ್ರದ ಪೈಪೇ ಇದೆ" ಎಂದು ಖುಷಿಪಡಬೇಡಿ.

ಇನ್ನು ತಾಮ್ರದ ವಿಷಯ. ಫ್ರಿಜ್‌ಗೆ ಹಾಕುವ ಮೆತ್ತನೆ ತಾಮ್ರ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಜೀಪಿನ ಕುಲುಕಾಟಕ್ಕೆ ಅದು ಗಡುಸಾಗುತ್ತ ಹೋಗಿ ಒಂದು ದಿನ ಫ್ಲೇರ್ (ಜಾಯಿಂಟಿನಲ್ಲಿ ಕೂರಲು ಅಗಲಿಸಿದ ಪೈಪಿನ ಬಾಯಿ) ಬುಡದಲ್ಲಿ ಸೀಳುತ್ತದೆ, ಮುನ್ಸೂಚನೆಯನ್ನೂ ಕೊಡದೆ. ಬಳಸಬಹುದಾದದ್ದು ಎರಡೇ: ಬ್ರೇಕಿಗೆಂದೇ ಮಾಡಿದ, ಲೇಪನವಿರುವ ಸ್ಟೀಲ್ ಪೈಪ್, ಇಲ್ಲವೇ ತಾಮ್ರಕ್ಕೆ ಸುಮಾರು ಶೇ 10ರಷ್ಟು ನಿಕ್ಕಲ್ ಬೆರೆಸಿದ ಕ್ಯುಪ್ರೋ-ನಿಕ್ಕಲ್ ಪೈಪ್. ವೋಲ್ವೋ ಕಂಪನಿ 1970ರ ದಶಕದಲ್ಲೇ ತನ್ನ ಕಾರುಗಳಿಗೆ ಇದನ್ನು ಹಾಕತೊಡಗಿತ್ತು. ನಮ್ಮ ಮಳೆಗೆ ಇದೇ ಸರಿ, ಕೈಯಲ್ಲೇ ಬಗ್ಗುತ್ತದೆ, ಫ್ಲೇರ್ ಕೂಡ ಚೆನ್ನಾಗಿ ಬರುತ್ತದೆ. ದುಬಾರಿ ಹೌದು. ಶಿವಮೊಗ್ಗದ ಅಂಗಡಿಗಳಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ.

25 ಅಡಿಯ ಒಂದು ಸುರುಳಿ ಸಾಕಾಗುತ್ತದೆ. ಕೊಳ್ಳುವ ಮುಂಚೆ ಹಳೇ ಪೈಪನ್ನು ವರ್ನಿಯರಿನಲ್ಲಿ ಅಳೆಯಿರಿ. 4.75 ಮಿ.ಮೀ. ಬಂದರೆ 3/16 ಇಂಚು, 6.35 ಬಂದರೆ ಕಾಲು ಇಂಚು. 3/16ಕ್ಕೆ ಸಾಮಾನ್ಯವಾಗಿ 3/8 ಇಂಚಿನ, ಇಂಚಿಗೆ 24 ಮರೆ (ತ್ರೆಡ್) ಇರುವ ನಟ್ ಬರುತ್ತದೆ. 16 ನಟ್ ತಂದಿಟ್ಟುಕೊಳ್ಳಿ, ಕೆಲವು ಹಾಳಾಗಿಯೇ ಆಗುತ್ತವೆ. ಒಂದು ಎಚ್ಚರಿಕೆ: ಈ ಹಿಂದೆ ಯಾರಾದರೂ ಬೇರೆ ಗಾಡಿಯ ಮಾಸ್ಟರ್ ಸಿಲಿಂಡರ್ ಕೂರಿಸಿದ್ದರೆ ಅದರ ತೂತು ಎಂ10, ಅಂದರೆ 10 ಮಿ.ಮೀ. ಮರೆಯದ್ದು, ಇರಬಹುದು. 3/8 ನಟ್ ಅದರೊಳಗೆ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ, ಒತ್ತಡ ಬಿದ್ದಾಗ ಮರೆ ಕಿತ್ತು ಹೊರಬರುತ್ತದೆ. ಎಂ10ಕ್ಕೆ ಫ್ಲೇರ್ ಆಕಾರವೂ ಬೇರೆ.

ಬಿಚ್ಚುವ ಹಿಂದಿನ ದಿನವೇ ಎಲ್ಲ ನಟ್‌ಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಮಾಮೂಲಿ ಫಿಕ್ಸ್ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಉರುಟಾಗುತ್ತದೆ. ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ಪೈಪಿಗೇ ಅಂಟಿಕೊಂಡ ನಟ್ ಆದರೆ ಪೈಪ್ ಕತ್ತರಿಸಿ, ಆರು ಮೂಲೆಯ ಸಾಕೆಟ್ ಹಾಕಿ ತಿರುಗಿಸಿ, ಹೇಗೂ ಎಸೆಯುವ ಪೈಪ್ ತಾನೆ. ಆದರೆ ಎಸೆಯುವುದು ಕೊನೆಗೆ. ಹಳೇ ಪೈಪೇ ನಿಮ್ಮ ಅಳತೆಗೋಲು, ಬಾಗಿನ ನಕ್ಷೆ.

ಇಡೀ ಕೆಲಸ ನಿಂತಿರುವುದು ಫ್ಲೇರ್ ಮೇಲೆ. ಆಕ್ಸಾ ಬ್ಲೇಡಿನಲ್ಲಿ ಕತ್ತರಿಸಬೇಡಿ, ಟ್ಯೂಬ್ ಕಟರ್ ಬಳಸಿ, ಪ್ರತಿ ಸುತ್ತಿಗೂ ಸ್ವಲ್ಪವೇ ಬಿಗಿ ಮಾಡುತ್ತ. ಕತ್ತರಿಸಿದ ಬಾಯಿ ಪೈಪಿಗೆ ನೇರ ಅಡ್ಡವಾಗಿರಬೇಕು. ಒಳಗಿನ ಚೂಪು ತೆಗೆಯಿರಿ, ಹೊರಗಿನ ಅಂಚನ್ನು ಅರದಲ್ಲಿ ತುಸು ಇಳಿಜಾರು ಮಾಡಿ, ಪುಡಿ ಒಳಗೆ ಉಳಿಯದಂತೆ ಗಾಳಿ ಹೊಡೆಯಿರಿ. ಈಗ ನಟ್ ಪೈಪಿಗೆ ಪೋಣಿಸಿ, ಮೊದಲೇ. ಚಂದದ ಫ್ಲೇರ್ ಮಾಡಿ ಮುಗಿಸಿ ನೋಡಿದರೆ ನಟ್ ಮೇಜಿನ ಮೇಲೆಯೇ ಇರುವುದು ಎಲ್ಲ ಗ್ಯಾರೇಜುಗಳಲ್ಲೂ ಆಗುವ ಸಂಗತಿ. ಕ್ಲ್ಯಾಂಪಿನಲ್ಲಿ ಪೈಪ್ ಎಷ್ಟು ಮೇಲೆದ್ದಿರಬೇಕು ಎಂಬುದಕ್ಕೆ ಫ್ಲೇರ್ ಮಾಡುವ ಸೆಟ್ಟಿನ ಡೈಯನ್ನೇ (ಪೈಪಿನ ಬಾಯಿಗೆ ಒತ್ತುವ ಅಚ್ಚು) ಪಕ್ಕಕ್ಕಿಟ್ಟು ನೋಡಬೇಕು: ಡೈಯ ಮೆಟ್ಟಿಲು ಎಷ್ಟು ದಪ್ಪವೋ ಅಷ್ಟು. ತುದಿಗೆ ಒಂದು ಹನಿ ಬ್ರೇಕ್ ಆಯಿಲ್ ಹಚ್ಚಿ ಡೈ ಒತ್ತಿದರೆ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತದೆ. ಡೈ ತೆಗೆದು ಕೋನ್ ಒತ್ತಿದರೆ ಎರಡು ಪದರದ 45 ಡಿಗ್ರಿ ಫ್ಲೇರ್ ಆಗುತ್ತದೆ. ಒಂದೇ ಪದರದ ಫ್ಲೇರ್ ಬ್ರೇಕಿಗೆ ಸಲ್ಲದು, ಅಂಚು ಬಿರಿಯುತ್ತದೆ. ಫ್ಲೇರ್ ಒಂದು ಪಕ್ಕಕ್ಕೆ ವಾಲಿದರೆ ಕತ್ತರಿಸಿದ್ದು ಓರೆಯಾಗಿದೆ ಎಂದರ್ಥ. ಬಿಗಿ ಮಾಡಿದರೆ ಸರಿಹೋಗುತ್ತದೆಂದು ಬಿಡಬೇಡಿ, ಕತ್ತರಿಸಿ ಮತ್ತೆ ಮಾಡಿ.

ಪೈಪ್ ಕೂರಿಸುವಾಗ ಎಲ್ಲ ನಟ್‌ಗಳನ್ನೂ ಮೊದಲು ಬೆರಳಲ್ಲೇ ಹಿಡಿಸಿ, ಆಮೇಲೆ ಸ್ಪ್ಯಾನರ್. 12ರಿಂದ 16 ನ್ಯೂಟನ್ ಮೀಟರ್ ಸಾಕು. ಅಡಿಗೊಂದರಂತೆ ರಬ್ಬರ್ ಇರುವ ಕ್ಲಿಪ್ ಹಾಕಿ. ಸೈಲೆನ್ಸರ್ ಪೈಪಿನಿಂದ ದೂರ.

ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒಳಗೆ ಉಬ್ಬಿ ಮುಚ್ಚಿಕೊಂಡಿರುತ್ತದೆ. ಪೆಡಲಿನ ಒತ್ತಡಕ್ಕೆ ಆಯಿಲ್ ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ; ಕಾಲು ತೆಗೆದರೂ ಆ ಚಕ್ರ ಹಿಡಿದೇ ಇರುತ್ತದೆ, ಡ್ರಮ್ ಕಾಯುತ್ತದೆ. ಇದಕ್ಕೆ ಲೈನರ್, ವೀಲ್ ಸಿಲಿಂಡರ್ ಎಲ್ಲ ಬದಲಿಸಿ ದುಡ್ಡು ಕಳೆದ ಮೇಲೆ ಹೋಸ್ ನೆನಪಾಗುವುದೇ ಹೆಚ್ಚು. ಹೊಸ ಹೋಸನ್ನು ಮೊದಲು ವೀಲ್ ಸಿಲಿಂಡರಿಗೆ ಹೊಸ ತಾಮ್ರದ ವಾಷರ್ ಹಾಕಿ ತಿರುಗಿಸಿ, ಆಮೇಲೆ ಪೈಪಿನ ಕಡೆ. ಉಲ್ಟಾ ಮಾಡಿದರೆ ಹೋಸ್ ತಿರುಚಿಕೊಳ್ಳುತ್ತದೆ.

ಪೈಪಿನೊಳಗೆ ಸೇರಿದ ಏರ್ ತೆಗೆಯುವ ಮೊದಲು ನಾಲ್ಕೂ ಡ್ರಮ್ಮಿನ ಬ್ರೇಕ್ ಶೂ ಅಡ್ಜಸ್ಟ್ ಮಾಡಿ. ಅದನ್ನು ಬಿಟ್ಟರೆ ಎಷ್ಟು ಏರ್ ತೆಗೆದರೂ ಪೆಡಲ್ ಕೆಳಗೇ ಇರುತ್ತದೆ. ಪೆಡಲಿಗೆ ಅರ್ಧ ಇಂಚು ಫ್ರೀ ಪ್ಲೇ ಇರಲಿ. ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ವಾಪಸಾಗುವ ತೂತು ಮುಚ್ಚಿಯೇ ಇದ್ದು, ಓಡುತ್ತ ಓಡುತ್ತ ಬ್ರೇಕ್ ತಾನೇ ಹಿಡಿಯುತ್ತದೆ. ಬಲಗೈ ಸ್ಟೀರಿಂಗಿನ ನಮ್ಮ ಜೀಪಿನಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು ಎಡ ಹಿಂದಿನ ಚಕ್ರ. ಏರ್ ತೆಗೆಯುವುದು ಅಲ್ಲಿಂದ ಶುರು, ನಂತರ ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಒಬ್ಬರು ನಿಧಾನ ತುಳಿದು ಹಿಡಿಯಬೇಕು, ಇನ್ನೊಬ್ಬರು ಆ ಚಕ್ರದ ಏರ್ ಬಿಡುವ ನಿಪ್ಪಲ್ ಸಡಿಲಿಸಿ, ಮುಚ್ಚಿದ ಮೇಲೆಯೇ "ಬಿಡಿ" ಎನ್ನಬೇಕು.

ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದು, ಒಂದು ಲೀಟರ್, ಸೀಲ್ ಒಡೆಯದ ಡಬ್ಬಿ. ಹೊಸ ಡಾಟ್ 4 ಕುದಿಯುವುದು 230 ಡಿಗ್ರಿಗೆ. ನೀರು ಹೀರಿಕೊಂಡ ಮೇಲೆ ಅದು 155ರವರೆಗೆ ಇಳಿಯುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಬ್ರೇಕಿನ ಮೇಲೇ ಇಳಿದರೆ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ: ಆಯಿಲ್ ಆವಿಯಾಗಿ ಪೆಡಲ್ ಸುಮ್ಮನೆ ಕೆಳಗಿಳಿಯುತ್ತದೆ. ಮಳೆ ಹೆಚ್ಚಿರುವ ತೀರ್ಥಹಳ್ಳಿ, ಹೊಸನಗರದ ಕಡೆಯವರು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಪೈಪ್ ತೊಳೆಯಲು ಸೀಮೆಎಣ್ಣೆ, ಡೀಸೆಲ್ ಮುಟ್ಟಿಸಬೇಡಿ, ರಬ್ಬರ್ ಕಪ್‌ಗಳು ಊದಿಕೊಳ್ಳುತ್ತವೆ, ಸ್ಪಿರಿಟ್ ಬಳಸಿ. ಪೇಂಟ್ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಹೊಯ್ಯಿರಿ.

ಕೊನೆಗೆ ಎಲ್ಲ ಜಾಯಿಂಟ್ ಒರೆಸಿ ಒಣಗಿಸಿ, ಒಬ್ಬರು ಎರಡು ನಿಮಿಷ ಪೆಡಲ್ ಗಟ್ಟಿ ತುಳಿದೇ ಇರಲಿ. ಪ್ರತಿ ನಟ್ಟಿಗೂ ಒಣ ಪೇಪರ್ ಮುಟ್ಟಿಸಿ ನೋಡಿ. ಎಲ್ಲೂ ಪಸೆ ಇಲ್ಲ, ಆದರೂ ಪೆಡಲ್ ನಿಧಾನ ಇಳಿಯುತ್ತಿದೆ ಎಂದಾದರೆ ಮಾಸ್ಟರ್ ಸಿಲಿಂಡರಿನ ಕಪ್ ಹೋಗಿದೆ. ಹಾಗೆಯೇ ಸ್ಟಾಪ್ ಲೈಟ್ ಸ್ವಿಚ್ಚಿನ ವೈರ್ ಕಿತ್ತು ಅದರ ತುದಿ ನೋಡಿ. ಹಳೇ ಜೀಪಿನಲ್ಲಿ ಆ ಸ್ವಿಚ್ ಬ್ರೇಕ್ ಆಯಿಲಿನ ಒತ್ತಡಕ್ಕೇ ಕೆಲಸ ಮಾಡುವುದು; ಅದರೊಳಗಿನ ಪೊರೆ ಹರಿದರೆ ಆಯಿಲ್ ವೈರಿನ ಗುಂಟ ಬರುತ್ತದೆ, ಚಾಸಿಯಲ್ಲಿ ಎಷ್ಟು ಹುಡುಕಿದರೂ ಸೋರುವ ಜಾಗ ಸಿಗುವುದಿಲ್ಲ. ಪೈಪ್ ಬದಲಿಸುವಾಗಲೇ ಅದನ್ನೂ ಹೊಸದು ಹಾಕಿಬಿಡಿ.