ಹಿಂದಿನ ಎರಡು ಸಾಕು

9 ನವೆಂಬರ್ 2025, ಭಾನುವಾರ

ಕೊನೆಗೂ ಇವತ್ತು ಪಿಕಪ್‌ಗೆ ಹೊಸ ಟಯರ್ ಹಾಕಿಸಿದೆ. ನಾಲ್ಕಲ್ಲ, ಎರಡೇ. ಅದಕ್ಕೆ ನಮ್ಮ ಬಾಮೈದ ಮಧ್ಯಾಹ್ನದಿಂದ ಮುಖ ಊದಿಸಿಕೊಂಡು ಕೂತಿದ್ದಾನೆ.

ಇದೆಲ್ಲ ಶುರುವಾಗಿದ್ದು ಹತ್ತು ದಿನದ ಹಿಂದೆ. ಈರುಳ್ಳಿ ಕಿತ್ತು ಹೊಲದಲ್ಲೇ ಒಟ್ಟಿದ್ದೆವು. ರಾತ್ರಿ ಮಳೆ ಬಂತು. ಭರಮಸಾಗರದ ಕಡೆಯ ನಮ್ಮ ಹೊಲ ಎರೆ, ಅಂದರೆ ಜಿಗುಟು ಕಪ್ಪು ಮಣ್ಣು. ಒಣಗಿದರೆ ಬಿರುಕಿನಲ್ಲಿ ಕೈ ಇಳಿಯುತ್ತೆ, ನೆನೆದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತೆ. ಗಡ್ಡೆ ಕೊಳೆತರೆ ಕಷ್ಟ ಅಂತ ಬೆಳಿಗ್ಗೆಯೇ ಖಾಲಿ ಗಾಡಿಯನ್ನು ಬದುವಿನ ದಾರಿಗೆ ಇಳಿಸಿದೆ. ಐವತ್ತು ಅಡಿ ಹೋಗಿಲ್ಲ, ಹಿಂದಿನ ಚಕ್ರ ನಿಂತಲ್ಲೇ ಗಿರಗಿರ. ಇಳಿದು ನೋಡಿದರೆ ಟಯರೇ ಕಾಣಲಿಲ್ಲ. ಗೆರೆಗಳೆಲ್ಲ ಮುಚ್ಚಿಹೋಗಿ ಎರಡು ದೊಡ್ಡ ಮಣ್ಣಿನ ಉಂಡೆ ಗಾಡಿಗೆ ಕಟ್ಟಿದ ಹಾಗಿತ್ತು. ಪಕ್ಕದ ಹೊಲದ ಟ್ರ್ಯಾಕ್ಟರ್ ಬಂದು ಎಳೆಯಿತು. ದೊಡ್ಡಪ್ಪ ಬದುವಿನ ಮೇಲೆ ನಿಂತು, "ಎತ್ತಿನ ಗಾಡಿ ಮಾರಬ್ಯಾಡ ಅಂದಿದ್ನೋ ಇಲ್ವೋ" ಅಂದರು. ಅಂದಿದ್ದರು, ನಿಜ.

ಅವತ್ತು ರಾತ್ರಿಯೇ ಬಾಮೈದನ ಫೋನು. "ಭಾವ, ಮಡ್ ಟಯರ್ ಹಾಕ್ಸು. ನಾಲ್ಕೂ. ಸೈಜೂ ಒಂದು ಪಾಯಿಂಟ್ ದೊಡ್ಡದು ಮಾಡು, ಗಾಡಿ ಎತ್ತರ ಆಗುತ್ತೆ." ಅವನಿಗೆ ಮೊಬೈಲಿನಲ್ಲಿ ಜೀಪು ಕೆಸರು ಹಾರಿಸೋದನ್ನು ನೋಡೋ ಚಟ. ನಾನೂ ಎರಡು ದಿನ ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಲೆಕ್ಕ ಹಾಕಿದೆ. ಈಗಿನ ಟಯರ್ ಮೇಲಿರೋದು 215/75 ಆರ್ 15. ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅದರ ನೂರಕ್ಕೆ 75, ಆರ್ ಅಂದರೆ ರೇಡಿಯಲ್, ಡಿಸ್ಕ್ 15 ಇಂಚು. ಕೂಡಿಸಿದರೆ ಪೂರ್ತಿ ಚಕ್ರದ ಎತ್ತರ ಸುಮಾರು 703 ಮಿ.ಮೀ. ಅವನು ಹೇಳಿದ 235/75 ಹಾಕಿದರೆ 733. ವ್ಯತ್ಯಾಸ 30. ಅದರಲ್ಲಿ ಅರ್ಧ ಮಾತ್ರ ನೆಲದಿಂದ ಮೇಲೇಳೋದು, ಅಂದರೆ ಒಂದೂವರೆ ಸೆಂಟಿಮೀಟರ್! ಅಷ್ಟಕ್ಕೆ ಜಾಸ್ತಿ ದುಡ್ಡು ಕೊಡಬೇಕು, ಮೇಲೆ ಗಾಡಿಯ ಎಳೆತ ಕಡಿಮೆಯಾಗುತ್ತೆ, ಮೀಟರಿನಲ್ಲಿ 60 ತೋರಿಸುವಾಗ ಗಾಡಿ 62 ದಾಟಿರುತ್ತೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಎಲ್ಲಿ ಉಜ್ಜುತ್ತೋ ಅನ್ನೋ ಚಿಂತೆ ಬೇರೆ. ಸೈಜಿನ ಮಾತು ಅಲ್ಲಿಗೆ ಮುಗೀತು.

ಮಡ್ ಟಯರ್ ವಿಷಯಕ್ಕೆ ಬುದ್ಧಿ ಹೇಳಿದ್ದು ನಮ್ಮೂರ ಕ್ರಾಸಿನ ಪಂಚರ್ ಅಂಗಡಿ ಅಣ್ಣ. "ತಿಂಗಳಲ್ಲಿ ಎಷ್ಟು ದಿನ ಕೆಸರಿಗೆ ಇಳೀತೀಯಪ್ಪಾ?" ಅಂತ ಕೇಳಿದ. ವರ್ಷಕ್ಕೆ ಹದಿನೈದು ದಿನ ಆದರೆ ಹೆಚ್ಚು. ಉಳಿದ ದಿನವೆಲ್ಲ ದಾವಣಗೆರೆ, ಚಿತ್ರದುರ್ಗ, ಹೈವೇ 48. ಮಡ್ ಟಯರಿನ ಮೈಮೇಲಿನ ಆ ದಪ್ಪ ರಬ್ಬರ್ ಬಟನ್ ಡಾಂಬರಿನ ಮೇಲೆ ಬೇಗ ಸವೆಯುತ್ತೆ, ಗೊಂಯ್ ಅಂತ ಸದ್ದು ಮಾಡುತ್ತೆ, ಒದ್ದೆ ಟಾರಿನಲ್ಲಿ ಬ್ರೇಕ್ ಅಷ್ಟು ಕಚ್ಚಲ್ಲ. ಇನ್ನು ಪೂರ್ತಿ ನೆನೆದ ಎರೆಯಲ್ಲಿ ಅದೂ ಮೆತ್ತಿಕೊಂಡು ಉಂಡೆಯಾಗುತ್ತೆ, ಸ್ವಲ್ಪ ತಡವಾಗಿ ಅಷ್ಟೆ. ನಡುವಿನ ದಾರಿ ಆಲ್ ಟೆರೇನ್, ಅಂಗಡಿಯವರ ಬಾಯಲ್ಲಿ ಎಟಿ. ಗೆರೆಯೂ ಅಲ್ಲ, ಪೂರ್ತಿ ಬಟನ್ನೂ ಅಲ್ಲ.

ಅವನೇ ಇನ್ನೊಂದು ಮಾತು ಹೇಳಿದ. "ನಿಂದು ಫೋರ್ ವೀಲ್ ಅಲ್ಲ. ತಳ್ಳೋದು ಹಿಂದಿನ ಎರಡೇ ಚಕ್ರ. ಮುಂದಿನವು ಬರೀ ದಾರಿ ತೋರ್ಸೋವು. ಅವು ಇನ್ನೂ ಅರ್ಧ ಇದಾವಲ್ಲ, ಯಾಕೆ ಬಿಸಾಕ್ತೀಯ?" ಎಷ್ಟು ಸರಳ! ಖಾಲಿ ಪಿಕಪ್‌ನಲ್ಲಿ ಇಂಜಿನ್ ಭಾರ ಮುಂದೆ, ಹಿಂದೆ ಬರೀ ತಗಡು. ನಾನು ಅವತ್ತು ಸಿಕ್ಕಿಹಾಕಿಕೊಂಡಿದ್ದೂ ಖಾಲಿ ಗಾಡಿಯಲ್ಲೇ. ಹಿಂದಿನ ಅಚ್ಚಿನ ಮೇಲೆ ನಾಲ್ಕು ಚೀಲ ಮಣ್ಣು ಹಾಕಿಕೊಂಡು ಹೋಗಿದ್ದರೂ ಅರ್ಧ ದಾರಿ ದಾಟುತ್ತಿದ್ದೆನೋ ಏನೋ. ಹಿಂದೆ ಹೊಸದು, ಮುಂದೆ ಹಳೇದು ಇರೋದು ಟಾರಿನಲ್ಲೂ ಒಳ್ಳೇದೇ. ಮಳೆಯಲ್ಲಿ ಗಾಡಿಯ ಹಿಂಭಾಗ ಜಾರಿದರೆ ಹಿಡಿಯೋದು ಕಷ್ಟ. ಒಂದೇ ಅಚ್ಚಿನ ಎಡ ಬಲ ಮಾತ್ರ ಒಂದೇ ಥರ ಇರಬೇಕು.

ಇವತ್ತು ಬಾಮೈದನನ್ನೂ ಕೂರಿಸಿಕೊಂಡು ದಾವಣಗೆರೆಗೆ ಹೋದೆ. ಮೊದಲ ಅಂಗಡಿಯಲ್ಲಿ ರೇಟು ತುಂಬಾ ಕಡಿಮೆ ಹೇಳಿದರು. ಬಾಮೈದ ಆಗಲೇ ಡಿಸ್ಕ್ ಬಿಚ್ಚಿಸೋಕೆ ಓಡಿದ. ನಾನು ಪಕ್ಕೆ ಸವರಿ ನೋಡಿದೆ. ಅಲ್ಲಿ ಅಚ್ಚೊತ್ತಿದ ತಯಾರಿಕೆ ನಂಬರಿನ ಕೊನೆಯ ನಾಲ್ಕು ಅಂಕಿ 3121. ಅಂದರೆ 2021ರ 31ನೇ ವಾರ ತಯಾರಾಗಿದ್ದು. ನಾಲ್ಕು ವರ್ಷ ಗೋದಾಮಿನಲ್ಲಿ ಮಲಗಿದ್ದ ರಬ್ಬರು. ಕೇಳಿದರೆ "ಅದೇನೂ ಆಗಲ್ಲ ಸರ್, ಹೊಸದೇ" ಅಂದರು. ಇನ್ನೊಂದು ಜೊತೆ ತೋರಿಸಿದರು, ಅದರಲ್ಲಿ ಲೋಡ್ ನಂಬರು, ಅಂದರೆ ಟಯರ್ ಎಷ್ಟು ತೂಕ ಹೊರುತ್ತೆ ಅನ್ನೋ ಗುರುತು, 100. ಅದು ಕಾರಿನ ಲೆಕ್ಕ. ಒಂದು ಟಯರಿಗೆ 800 ಕೆಜಿ, ಎರಡಕ್ಕೆ 1,600. ಈರುಳ್ಳಿ ಚೀಲ ಪೇರಿಸಿ, ಹಿಂದಿನ ಅಚ್ಚಿನ ಮೇಲೆ ಕೂರೋ ಗಾಡಿ ತೂಕವನ್ನೂ ಸೇರಿಸಿದರೆ ಆಯ್ತು ಕಥೆ. ನಮ್ಮ ಹಳೇ ಟಯರಿನಲ್ಲಿ 106 ಇತ್ತು, ಅಂದರೆ 950 ಕೆಜಿ. ಅದಕ್ಕಿಂತ ಕೆಳಗೆ ಇಳಿಯೋ ಮಾತೇ ಇಲ್ಲ. ಸುಮ್ನೆ ಎದ್ದು ಬಂದೆವು.

ಹಳೇ ಪಿ.ಬಿ. ರಸ್ತೆಯ ಎರಡನೇ ಅಂಗಡಿಯಲ್ಲಿ ಸಿಕ್ಕಿತು. ನಮ್ಮ ದೇಶದ್ದೇ ಕಂಪನಿ, ಎಟಿ, ಅದೇ ಸೈಜು, ಲೋಡ್ ನಂಬರೂ ಸರಿ, ಈ ವರ್ಷವೇ ತಯಾರಾದದ್ದು. ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ 18 ಅಂತಲೇ ಇದೆಯಾ ಅಂತ ಎರಡು ಸಲ ನೋಡಿದೆ, ಅಂಗಡಿಯವರು ನಕ್ಕರು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮುಗಿಯೋ ಹೊತ್ತಿಗೆ ಎರಡು ಗಂಟೆ. ಅಷ್ಟರಲ್ಲಿ ಮಂಡಕ್ಕಿ ಮಿರ್ಚಿ ತಿಂದೆವು. ಬಾಮೈದ ಅದನ್ನೂ ಮುನಿಸಿಕೊಂಡೇ ತಿಂದ.

ಬರುವಾಗ 60ರಲ್ಲಿ ಸಣ್ಣಗೆ ಗುಂಯ್ ಅಂತಿತ್ತು. ಬೇಸರ ಏನಿಲ್ಲ. ಜಾಲಿ ಮುಳ್ಳಿಗೆ ಇದು ಎಷ್ಟು ತಡೆಯುತ್ತೆ ಅನ್ನೋದು ಕೆರೆ ಏರಿ ದಾರಿಯಲ್ಲಿ ಗೊತ್ತಾಗುತ್ತೆ. ಎರೆಯಲ್ಲಿ ನೋಡೋಣ ಅಂದರೆ ಹೊಲ ಈಗ ಒಣಗಿ ಕಲ್ಲಾಗಿದೆ. ಇನ್ನು ಮುಂದೆಯೂ ಮಳೆ ಬಿದ್ದ ಮಾರನೇ ದಿನ ನಾನಂತೂ ಗಾಡಿ ಇಳಿಸಲ್ಲ. ರಸ್ತೆವರೆಗೆ ಟ್ರ್ಯಾಕ್ಟರಿನಲ್ಲಿ ಹೊರಿಸಿದರೆ ಬಾಡಿಗೆ ಹೋಗುತ್ತೆ, ಕ್ಲಚ್ ಉಳಿಯುತ್ತೆ.

ಬಿಚ್ಚಿದ ಎರಡರಲ್ಲಿ ಪರವಾಗಿಲ್ಲ ಅನ್ನಿಸಿದ್ದನ್ನು ಸ್ಟೆಪ್ನಿಗೆ ಹಾಕಿಸಿದೆ. ಇನ್ನೊಂದನ್ನು ಅಂಗಡಿಯವರು ನೂರು ರೂಪಾಯಿಗೆ ಕೇಳಿದರು. ಕೊಡಲಿಲ್ಲ. ಮನೆಗೆ ತಂದು ಇಳಿಸಿದ್ದೇ ತಡ, ಅವ್ವ ಅದನ್ನು ಉರುಳಿಸಿಕೊಂಡು ಹೋಗಿ ಈರುಳ್ಳಿ ಮೇಲಿನ ತಾಡಪಾಲು ಹಾರದ ಹಾಗೆ ಭಾರಕ್ಕೆ ಇಟ್ಟಳು. "ನಾಲ್ಕೂ ಬಿಚ್ಚಿಸಿದ್ರೆ ನಾಲ್ಕೂ ಮೂಲೆಗೆ ಆಗ್ತಿತ್ತು" ಅಂದಳು. ಬಾಮೈದ ಅವತ್ತಿಗೆ ಮೊದಲ ಸಲ ನಕ್ಕ.