ನೌಕರಿ ಬಿಟ್ಟು ರೊಟ್ಟಿ ಧಂದೆ

ಇವತ್ತು ಸೂಪರ್ ಮಾರ್ಕೆಟ್‌ನ್ಯಾಗ ಒಂದು ಖಡಕ್ ರೊಟ್ಟಿ ಪ್ಯಾಕೆಟ್. ಒಳಗ ಸಣ್ಣ ಸಣ್ಣ ನೀರಿನ ಹನಿ.

ಯಾರೋ ನೌಕರಿ ಬಿಟ್ಟು ಹೊಸದಾಗಿ ಇಳಿದಾರ ಅನಸ್ತದ.

ಬಿಸಿ ಇರೂವಾಗ್ಲೇ ಕವರಿಗೆ ತುಂಬಿದ್ರ ಹಬೆ ಒಳಗೇ ನಿಂತು ಬೂಷ್ಟು ಹಿಡೀತದ. ಬೇಯಿಸಿದ ಮ್ಯಾಲ ಸಣ್ಣ ಉರಿಯೊಳಗ ಮತ್ತ ಕಾಸಿ, ಪೂರಾ ಆರಿಸಬೇಕು. ಮುರಿದ್ರ ಪಟ್ ಅನ್ನಬೇಕು. ಬಾಗಿದ್ರ ಇನ್ನೂ ಹಸಿ ಅದ.

ಹಿಟ್ಟು ಹಳೇದಾದ್ರ ಜಿಗಿ ಹೋಗಿ, ಬಡಿಯುವಾಗ ಅಂಚು ಸೀಳ್ತದ. ಜೋಳದಾಗ ಗೋಧಿ ಹಂಗ ಅಂಟು ಇರಂಗಿಲ್ಲ, ಕುದಿಯೋ ನೀರೇ ಹಿಟ್ಟು ಹಿಡಿದಿಡೋದು. ವಾರಕ್ಕ ಬೇಕಾದಷ್ಟೇ ಬೀಸಿಸ್ರಿ.

ಮುರಿದ ರೊಟ್ಟಿನೂ ಲೆಕ್ಕದಾಗ ಬರೀರಿ. ಮಂದಿ ಅದನ್ನೇ ಮರೀತಾರ, ಆಮ್ಯಾಲ ಲಾಭ ಎಲ್ಲಿ ಹೋತಂತ ಹುಡುಕ್ತಾರ!

ಮತ್ತ, ಪಿಎಫ್ ರೊಕ್ಕ ಬಂಡವಾಳಕ್ಕಂತ ಗಡಬಡ ಮಾಡಿ ತೆಗೀಬ್ಯಾಡ್ರಿ. 5 ವರ್ಷ ಸತತ ನೌಕರಿ ಆಗಿಲ್ಲಂದ್ರ ತೆರಿಗೆ ಬೀಳ್ತದ.